ಕಿವಿ ಕತ್ತರಿಸಿದ ಬೆಕ್ಕುಗಳು

ನಮ್ಮೂರಲ್ಲಿ ಬೆಕ್ಕನ್ನು ಯಾರೂ ಕೊಲ್ಲುತ್ತಿರಲಿಲ್ಲ. ಈ ಮಾತನ್ನು ಎದೆ ಉಬ್ಬಿಸಿಕೊಂಡು ಹೇಳುವವರನ್ನು ಕಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಕೊಲ್ಲುತ್ತಿರಲಿಲ್ಲ, ನಿಜ. ಮೂಟೆ ಕಟ್ಟುತ್ತಿದ್ದರು. ಗೋಣಿಚೀಲದೊಳಕ್ಕೆ ತುರುಕಿ, ಬಾಯಿಗೆ ಹುರಿ ಬಿಗಿದು, ದಿಕ್ಕು ತಪ್ಪಲಿ ಅಂತ ಚೀಲವನ್ನು ಗರಗರ ತಿರುಗಿಸಿ, ಕೆರೆ ಏರಿ ದಾಟಿಸಿ ಆಚೆ ಬಿಟ್ಟು ಬರುತ್ತಿದ್ದರು. ನೀರು ದಾಟಿದ ಬೆಕ್ಕು ವಾಪಸು ಬರುವುದಿಲ್ಲ ಎಂಬುದು ನಂಬಿಕೆ. ಆಮೇಲೆ ಅದು ನಾಯಿ ಬಾಯಿಗೆ ಬಿತ್ತೋ, ಹಸಿದು ಬೇಲಿ ಸಾಲಿನಲ್ಲಿ ಸತ್ತಿತೋ, ಯಾರಿಗೆ ಬೇಕು? ಪಾಪ ಸುತ್ತಿಕೊಳ್ಳಲಿಲ್ಲವಲ್ಲ, ಅಷ್ಟು ಸಾಕಾಗಿತ್ತು.

ನಾನು ಯಲ್ದೂರು ಕಡೆಯ ಮಾವಿನ ತೋಪಿನವಳು, ತವರಲ್ಲಿ ಮನೆಮಾತು ತೆಲುಗು. ಎಪ್ಪತ್ತರ ದಶಕದ ನಡುವೆ ಹುತ್ತೂರಿನ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದೆ. ಬಂದು ನೋಡಿದರೆ ಇಲ್ಲಿ ಮನುಷ್ಯರಿಗಿಂತ ರೇಷ್ಮೆ ಹುಳಕ್ಕೆ ಮರ್ಯಾದೆ ಜಾಸ್ತಿ. ಹುಳದ ಮನೆಗೆ ಕಾಲು ತೊಳೆಯದೆ ಹೋಗುವಂತಿಲ್ಲ, ಒಗ್ಗರಣೆ ಘಾಟು ಆ ಕಡೆ ಸುಳಿಯುವಂತಿಲ್ಲ, ಜೋರಾಗಿ ಸೀನುವಂತಿಲ್ಲ. ಹುಳದ ತಟ್ಟೆಗಳ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ ಇರುವೆಯನ್ನು ತಡೆಯುತ್ತಿದ್ದರು. ಇಲಿಯನ್ನು ಮಾತ್ರ ಯಾವ ಬಟ್ಟಲೂ ತಡೆಯುತ್ತಿರಲಿಲ್ಲ. ಒಂದು ಇಲಿ ಒಳಗೆ ನುಗ್ಗಿದರೆ ಬೆಳಗಾಗುವಷ್ಟರಲ್ಲಿ ಒಂದು ತಟ್ಟೆ ಹುಳ ಖಾಲಿ. ಅದಕ್ಕೇ ಬೆಕ್ಕು ಬೇಕು. ಆದರೆ ಬೆಕ್ಕು ಮರಿ ಹಾಕುತ್ತದೆ, ಮರಿಗಳು ಸುಮ್ಮನೆ ಕೂರುವುದಿಲ್ಲ. ಸ್ಟ್ಯಾಂಡು ಹತ್ತುತ್ತವೆ, ಹಿಪ್ಪುನೇರಳೆ ಸೊಪ್ಪಿನ ರಾಶಿಯಲ್ಲಿ ಹೊರಳುತ್ತವೆ, ತಟ್ಟೆ ಬೀಳಿಸುತ್ತವೆ. ಹೀಗೆ ಬೆಕ್ಕಿಲ್ಲದೆಯೂ ಆಗದು, ಬೆಕ್ಕು ಹೆಚ್ಚಾದರೂ ಆಗದು. ಹುಳದ ಪ್ರತಿ ಬೆಳೆಗೂ ಮುಂಚೆ ಬೀದಿಯವರು ಚೀಲ ಹುಡುಕುತ್ತಿದ್ದರು.

ನಮ್ಮ ಮನೆಯಲ್ಲಿ ಒಂದು ಪಟ್ಟೆ ಬೆಕ್ಕಿತ್ತು. ಮನೆಯಲ್ಲಿ ಅನ್ನುವುದಕ್ಕಿಂತ ಅತ್ತೆಯ ಕಾಲ ಬುಡದಲ್ಲಿ ಅನ್ನಬೇಕು. ಮಾವ ತೀರಿಕೊಂಡ ಮೇಲೆ ಅತ್ತೆ ನಡುಮನೆಯಲ್ಲಿ ಮಲಗಲಾರೆ ಎಂದು ಚಾಪೆಯನ್ನು ಹುಳದ ಮನೆಗೇ ಸಾಗಿಸಿದ್ದಳು. ಬೆಕ್ಕು ಅವಳ ಪಾದಕ್ಕೆ ಒತ್ತಿಕೊಂಡು ಮಲಗುತ್ತಿತ್ತು. ಅತ್ತೆ ನಮ್ಮ ಯಾರ ಹತ್ತಿರವೂ ಹೆಚ್ಚು ಮಾತಾಡುವವಳಲ್ಲ. ಬೆಕ್ಕಿನ ಹತ್ತಿರ ಮಾತ್ರ ಸೊಪ್ಪು ಹಾಕುತ್ತಾ ಹಾಕುತ್ತಾ ಊರ ಪಂಚಾಯಿತಿಯನ್ನೆಲ್ಲ ಹೇಳುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೇ ಅತ್ತೆಯ ಮನಸ್ಸಲ್ಲಿ ಏನಿದೆ ಎಂದು ತಿಳಿದುಕೊಳ್ಳುತ್ತಿದ್ದೆ.

ಆ ಬೆಕ್ಕೇ ಬೀದಿಯ ಅರ್ಧ ಬೆಕ್ಕುಗಳ ತಾಯಿ. ವರ್ಷಕ್ಕೆ ಎರಡು ಸಲ ಬಾಣಂತಿ. ಅದನ್ನೂ ಚೀಲಕ್ಕೆ ಹಾಕಿ ಎಂದು ಎದುರು ಮನೆಯ ದೊಡ್ಡಮಾವ ಹೇಳುತ್ತಲೇ ಇದ್ದ. ಅವನು ನನ್ನ ಮಾವನ ಖಾಸಾ ಅಣ್ಣ, ಬೀದಿಗೆಲ್ಲ ಹಿರಿಯ. ಅತ್ತೆ ಅವನ ಎದುರು ನಿಂತು ಮಾತಾಡುವ ಪದ್ಧತಿಯೇ ಇರಲಿಲ್ಲ. ಬಾಗಿಲ ಸಂದಿಯಿಂದ, ಸೆರಗು ಎಳೆದುಕೊಂಡು, "ಈ ಒಂದು ಇರ್ಲಿ ಬಾವ" ಎನ್ನುತ್ತಿದ್ದಳು, ಅಷ್ಟೇ.

ಒಂದು ಬೆಳಿಗ್ಗೆ ನನ್ನ ಗಂಡ ಚೀಲ ಹೊತ್ತುಕೊಂಡು ಹೋದವನು ಹೊಟ್ಟೆ ಹಿಡಿದುಕೊಂಡು ನಗುತ್ತಾ ವಾಪಸು ಬಂದ. ಏರಿಯ ಮೇಲೆ ಆಚೆ ಊರಿನವನೊಬ್ಬ ಇವನ ಕಡೆಗೇ ನಡೆದು ಬರುತ್ತಿದ್ದನಂತೆ. ಅವನ ಹೆಗಲ ಮೇಲೂ ಚೀಲ. ಚೀಲದೊಳಗೆ ಮಿಯಾಂವ್. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿಕೊಂಡು, "ನಮ್ದು ನಿಮ್ಗೆ, ನಿಮ್ದು ನಮ್ಗೆ" ಎಂದು ಎರಡು ಚೀಲದ ಬಾಯಿಯನ್ನೂ ಬಿಚ್ಚಿದರಂತೆ. ಬೀದಿಯೆಲ್ಲ ನಕ್ಕಿತು. ನಾನೂ ನಕ್ಕೆ. ಮಧ್ಯಾಹ್ನ ಸೊಪ್ಪು ಬಿಡಿಸುವಾಗ ಯೋಚನೆ ಹತ್ತಿ ನಗು ನಿಂತುಹೋಯಿತು. ಅಲ್ಲ ಸ್ವಾಮಿ, ಇಷ್ಟು ವರ್ಷ ನಾವು ಮಾಡಿದ್ದು ಇದೇನಾ? ಗೊತ್ತಿರುವ ಬೆಕ್ಕನ್ನು ಕೊಟ್ಟು ಗೊತ್ತಿಲ್ಲದ ಬೆಕ್ಕನ್ನು ತಂದುಕೊಳ್ಳುವುದು? ಎರಡು ಕಡೆಯ ಬೆಕ್ಕುಗಳೂ ಹೆದರಿ, ಹಸಿದು, ಕಾಡುಬಿದ್ದು, ಮತ್ತೆ ಯಾರದೋ ಅಟ್ಟದ ಮೇಲೆ ಮರಿ ಹಾಕುವುದು?

ನಮ್ಮ ಹಸುವಿಗೆ ಗಬ್ಬ ಕಟ್ಟಿಸಲು ಕೋಲಾರದ ದನದ ಆಸ್ಪತ್ರೆಗೆ ಹೋದಾಗ ಡಾಕ್ಟರನ್ನು ಕೇಳಿಯೇಬಿಟ್ಟೆ. ಬೆಕ್ಕು ಮರಿ ಹಾಕದ ಹಾಗೆ ಮಾಡಬಹುದಾ? ಅವರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು. "ಮಾಡ್ಬೋದಮ್ಮಾ. ನಾಯಿಗೆ ಮಾಡಿದೀನಿ, ಬೆಕ್ಕಿಗೂ ಅಪರೂಪಕ್ಕೆ ಮಾಡಿದೀನಿ. ಆದ್ರೆ ಇಲ್ಲೀವರೆಗೂ ಯಾರೂ ತಾವಾಗಿ ಬಂದು ಕೇಳಿರಲಿಲ್ಲ. ಒಂದು ವಾರ ಒಳಗಿಟ್ಟು ನೋಡ್ಕೊಬೇಕು, ಹೊಲಿಗೆ ಕಿತ್ಕೊಳ್ಳದ ಹಾಗೆ. ಆಗ್ತದಾ ನಿಮ್ ಕೈಲಿ?"

ಆಗುತ್ತದೆ ಎಂದು ಬಂದೆ. ಆದರೆ ಆಪರೇಷನ್ ಅನ್ನುವ ಮಾತು ಕೇಳಿದರೇ ಊರು ಬೆಚ್ಚುತ್ತಿದ್ದ ಕಾಲ ಅದು. ಕುಟುಂಬ ಯೋಜನೆ ಕ್ಯಾಂಪಿನ ಜೀಪು ಬಂತು ಅಂದರೆ ಗಂಡಸರು ರಾಗಿ ಹೊಲದಲ್ಲಿ ಅಡಗುತ್ತಿದ್ದುದು ಮೊನ್ನೆ ಮೊನ್ನೆಯ ಮಾತು. "ಮನುಷ್ಯರಾಯ್ತು, ಈಗ ಬೆಕ್ಕಿಗೂ ಬಂತಾ?" ಎಂದು ಪಕ್ಕದ ಮನೆಯವಳು ಸೊಂಟದ ಮೇಲೆ ಕೈ ಇಟ್ಟಳು. ಅತ್ತೆ ಸಂಜೆಯವರೆಗೂ ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದು, ಕೊನೆಗೆ ಕೇಳಿದಳು.

"ಮಾಡಿಸಿದ್ರೆ ಇದು ಇಲ್ಲೇ ಇರ್ತದೇನೇ? ಚೀಲಕ್ಕೆ ಹಾಕಲ್ಲ ತಾನೆ?"

"ಮರೀನೇ ಇಲ್ಲ ಅಂದ್ಮೇಲೆ ಯಾಕೆ ಹಾಕ್ತಾರೆ ಅತ್ತೆ?"

"ಸತ್ತುಗಿತ್ತು ಹೋದ್ರೆ ನಿನ್ನ ತವರಿಗೆ ಅಟ್ಟಿಬಿಡ್ತೀನಿ, ನೋಡ್ಕೋ" ಎಂದು ಬೆಕ್ಕನ್ನು ನನ್ನ ಮಡಿಲಿಗೆ ಹಾಕಿದಳು.

ಬಿದಿರಿನ ಮಂಕರಿಗೆ ಹಳೇ ಸೀರೆ ಬಿಗಿದು ಬಸ್ಸು ಹತ್ತಿದೆ. ಒಳಗಿನಿಂದ ಕೂಗು ಶುರುವಾದ ತಕ್ಷಣ ಕಂಡಕ್ಟರ್ ಬಂದ. "ಏನಮ್ಮಾ ಇದು, ಬೆಕ್ಕಾ? ಹೊರಟಿರೋ ಗಾಡೀಲಿ ಬೆಕ್ಕು ಅಂದ್ರೆ ಶಕುನ ಏನಾಗ್ಬೇಕು? ಇಳೀರಿ ಇಳೀರಿ." ನಾನು ಬಿಡುತ್ತೇನಾ? "ಅಡ್ಡ ಹೋದ್ರೆ ತಾನೇ ಅಪಶಕುನ? ಇದು ನಮ್ ಜೊತೇಲೇ ಬರ್ತಾ ಐತೆ. ನೀವು ಟಿಕೆಟ್ ಕೊಡಿ" ಎಂದೆ. ಹಿಂದಿನ ಸೀಟಿನ ಅಜ್ಜಿಯೊಬ್ಬಳು ತೆಲುಗಲ್ಲಿ "ಬಾಗಾ ಚೆಪ್ಪಿನಾವಮ್ಮಾ" ಎಂದು ಬೆನ್ನು ತಟ್ಟಿದಳು.

ಬೆಕ್ಕು ಬದುಕಿತು. ಹೊಟ್ಟೆಯ ಮೇಲೆ ಹೊಲಿಗೆ ಹೊತ್ತು ಬಂದ ಅದಕ್ಕೆ ಅತ್ತೆ ಬಾಣಂತನವನ್ನೇ ಮಾಡಿದಳು. ಕೈತುತ್ತು ಕೊಟ್ಟಳು, ಹಾಲನ್ನ ಹಿಸುಕಿ ತಿನ್ನಿಸಿದಳು. ಆಮೇಲೆ ಬೀದಿಯ ಉಳಿದ ಹೆಣ್ಣು ಬೆಕ್ಕುಗಳ ಸರದಿ. ಬೆಳೆ ಮುಗಿದು ಹುಳದ ಮನೆ ಖಾಲಿಯಾದಾಗ ಒಂದೊಂದನ್ನೇ ಹಿಡಿಯುತ್ತಿದ್ದೆವು. ಮಂಕರಿಯನ್ನು ಕೋಲಿನ ಮೇಲೆ ಓರೆಯಾಗಿ ನಿಲ್ಲಿಸಿ, ಕೆಳಗೆ ಒಣಮೀನು ಇಟ್ಟು, ಕೋಲಿಗೆ ಕಟ್ಟಿದ ಹುರಿಯನ್ನು ನಾನು ಜಗಲಿಯ ಮೇಲೆ ಕೂತು ಎಳೆಯುತ್ತಿದ್ದೆ. ಕೈಯೆಲ್ಲ ಪರಚಿ ರಕ್ತ. ಗಂಡ "ನೀನೇನು ಬೆಕ್ಕಿನ ಪೊಲೀಸಾ?" ಎಂದು ಆಡಿಕೊಳ್ಳುತ್ತಿದ್ದ. ಕಾಡುಬಿದ್ದ ಬೆಕ್ಕುಗಳು ಮೊದಮೊದಲು ಹುಳದ ಮನೆಯ ಮೂಲೆಯಲ್ಲಿ ಉಸ್ಸೆಂದು ಹಲ್ಲು ತೋರಿಸುತ್ತಿದ್ದವು. ಅತ್ತೆ ಅಲ್ಯೂಮಿನಿಯಂ ತಟ್ಟೆಯನ್ನು ಚಮಚದಿಂದ ಟಣಟಣ ತಟ್ಟಿ, ಅನ್ನ ಇಟ್ಟು, ದೂರ ಕೂತು ಬೆಕ್ಕಿನ ಭಾಷೆಯಲ್ಲಿ ಏನೇನೋ ಹೇಳುತ್ತಿದ್ದಳು. ಹೊಲಿಗೆ ಬಿಚ್ಚುವ ಹೊತ್ತಿಗೆ ಅವು ಅವಳ ಕೈಯಿಂದಲೇ ತಿನ್ನುತ್ತಿದ್ದವು. ಹೊರಗೆ ಬಿಟ್ಟ ಮೇಲೂ ತಟ್ಟೆಯ ಸದ್ದು ಕೇಳಿದರೆ ಸಾಕು, ಯಾವ ಹೆಂಚಿನ ಮೇಲಿದ್ದರೂ ಓಡಿ ಬರುತ್ತಿದ್ದವು.

ಗುರುತಿನ ಉಪಾಯ ಅತ್ತೆಯದೇ. ಅವಳ ತವರಲ್ಲಿ ಕುರಿ ಇದ್ದವು. ಯಾರ ಕುರಿ ಯಾವುದು ಎಂದು ಗೊತ್ತಾಗಲು ಕಿವಿಯ ತುದಿ ಕತ್ತರಿಸುತ್ತಿದ್ದರಂತೆ. "ಎಲ್ಲಾ ಒಂದೇ ಥರ ಅವೆ. ಆದದ್ದನ್ನೇ ಮತ್ತೆ ಹಿಡ್ಕೊಂಡು ಹೋಗಿ ಹೊಟ್ಟೆ ಕೊಯ್ಸಿದ್ರೆ ಏನ್ ಗತಿ? ಡಾಕ್ಟ್ರಿಗೆ ಹೇಳು, ಮತ್ತಿನಲ್ಲಿರುವಾಗ್ಲೇ ಎಡಗಿವಿ ತುದಿ ತೆಗೀಲಿ" ಎಂದಳು. ಡಾಕ್ಟರು ಒಳ್ಳೆಯ ಯೋಚನೆ ಎಂದು ಹಾಗೆಯೇ ಮಾಡಿದರು.

ಎಡವಟ್ಟು ಶುರುವಾದದ್ದೇ ಅಲ್ಲಿ. ಗಂಡನ ಊರಲ್ಲಿ ಕುರಿ ಸಾಕುವವರಿರಲಿಲ್ಲ. ಇಲ್ಲಿ ಕಿವಿ ಕತ್ತರಿಸುತ್ತಿದ್ದುದು ಒಂದಕ್ಕೇ, ಊರಮ್ಮನಿಗೆ ಹರಕೆ ಬಿಟ್ಟ ಮೇಕೆಗೆ. ಹರಕೆಯ ಪ್ರಾಣಿ ಯಾರ ಹೊಲ ಮೇಯ್ದರೂ ಹೊಡೆಯುವಂತಿಲ್ಲ. ಕಿವಿ ಕತ್ತರಿಸಿದ ಬೆಕ್ಕುಗಳು ಬೀದಿಯಲ್ಲಿ ಓಡಾಡಲು ಶುರುವಾದಾಗ ಜನ ಸರಿದು ದಾರಿ ಬಿಡತೊಡಗಿದರು. "ನಿಮ್ಮತ್ತೆ ಬೆಕ್ಕನ್ನ ಅಮ್ಮನಿಗೆ ಬಿಟ್ಟವ್ಳಂತೆ?" ಎಂದು ನೀರಿಗೆ ಬಂದವರೆಲ್ಲ ಕೇಳುವವರೇ. ಇಲ್ಲ ಕಣ್ರಮ್ಮಾ, ಇದು ಆಪರೇಷನ್ ಗುರುತು ಎಂದು ನಾನು ಗಂಟಲು ಹರಿದುಕೊಂಡೆ. ಅತ್ತೆ ಮಾತ್ರ ನಕ್ಕು, "ಅಂಗೇ ಅಂದ್ಕೊಳ್ಲಿ ಬಿಡೇ. ಚೀಲಕ್ಕೆ ಹಾಕದಿದ್ರೆ ಸಾಕು" ಎಂದಳು. ಅವಳ ಮುಖ ಅಷ್ಟು ನಿರಾಳವಾಗಿದ್ದನ್ನು ಮಾವ ಹೋದ ಮೇಲೆ ನಾನು ನೋಡಿದ್ದು ಆಗಲೇ. ಹಾಗಾಗಿ ನಾನೂ ಬಾಯಿ ಮುಚ್ಚಿಕೊಂಡೆ.

ಅದೊಂದೆರಡು ವರ್ಷ ನಮ್ಮ ಬೀದಿ ತಣ್ಣಗಿತ್ತು. ಹೊಸ ಮರಿಗಳಿಲ್ಲ, ಇಲಿಯ ಕಾಟವೂ ಇಲ್ಲ. ನಮ್ಮ ಮನೆಯ ರೇಷ್ಮೆ ಗೂಡು ಒಂದೆರಡು ಬೆಳೆಯಲ್ಲಿ ಚೆನ್ನಾಗಿ ಬಂತು. ಅಷ್ಟು ಸಾಕಾಯಿತು. ಕಿವಿ ಕತ್ತರಿಸಿದ ಬೆಕ್ಕು ಮನೆಯಲ್ಲಿದ್ದರೆ ಹುಳ ಚೆನ್ನಾಗಿ ಆಗುತ್ತದೆ ಎಂದು ಯಾರೋ ಹೇಳಿದರು, ಎಲ್ಲರೂ ನಂಬಿದರು. ಒಂದು ದಿನ ಹಿಂದಿನ ಬೀದಿಯ ಅಟ್ಟದಿಂದ ಮರಿಯೊಂದು ಕಿರುಚುವುದು ಕೇಳಿ ಹೋಗಿ ನೋಡಿದರೆ, ಆ ಮನೆಯ ಹೆಂಗಸು ಮರಿಯನ್ನು ಮೊಣಕಾಲ ಸಂದಿಯಲ್ಲಿ ಅದುಮಿಕೊಂಡು ಬ್ಲೇಡಿನಿಂದ ಕಿವಿ ಕೊಯ್ಯುತ್ತಿದ್ದಾಳೆ! ಗಾಯಕ್ಕೆ ಅರಿಶಿನ ಬೇರೆ.

"ಏನ್ ಮಾಡ್ತಿದೀಯೇ ಪಾಪಿ!"

"ಯಾಕಕ್ಕಾ ಕೂಗಾಡ್ತೀಯ? ನಿಮ್ ಮನೇದಕ್ಕೆ ಮಾಡಿಲ್ವಾ? ಕಿವಿ ಕೊಯ್ದ್ರೆ ಮರೀನೂ ಹಾಕಲ್ಲ ಅಂತ ನೀನೇ ಹೇಳಿದ್ದು."

ನಾನು ಹೇಳಿದ್ದು ಅದಲ್ಲ. ಆದರೆ ಅಷ್ಟು ಹೊತ್ತಿಗೆ ಮೂರು ಬೀದಿಯಲ್ಲೂ ಬ್ಲೇಡು ಓಡಾಡಿಬಿಟ್ಟಿತ್ತು. ಅವಳಿಗೆ ಬೈದೆ, ಇವಳಿಗೆ ಬೈದೆ, ಮನೆಗೆ ಬಂದು ಗಂಡನಿಗೂ ಬೈದೆ. ಪ್ರಯೋಜನವೇನು? ಮುಂದಿನ ಬೇಸಿಗೆಗೆ ಕಿವಿ ಕತ್ತರಿಸಿದ ಬೆಕ್ಕುಗಳೇ ಹೊಟ್ಟೆ ಎಳೆದುಕೊಂಡು ಓಡಾಡಿದವು, ಅಟ್ಟದಲ್ಲೆಲ್ಲ ಮರಿ ಹಾಕಿದವು. ಅಮ್ಮನ ಬೆಕ್ಕು ಎಂದು ಅವನ್ನು ಚೀಲಕ್ಕೂ ಹಾಕುವಂತಿಲ್ಲ.

ಎದುರು ಮನೆಯ ದೊಡ್ಡಮಾವನ ಹುಳ ನಾಲ್ಕನೇ ಜ್ವರ ಎದ್ದಿತ್ತು. ಹುಳ ಪೊರೆ ಬಿಡುವ ಮೊದಲು ತಿನ್ನದೆ ಮಂಕಾಗಿ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಕೊನೆಯದು. ಎದ್ದ ಮೇಲೆ ಹೊತ್ತಿಲ್ಲ ಗೊತ್ತಿಲ್ಲ, ಹುಳ ಬರೀ ತಿನ್ನುತ್ತದೆ, ಮಳೆ ಬಿದ್ದ ಹಾಗೆ ಸದ್ದು. ಅಷ್ಟು ದಿನದ ಕಷ್ಟವೆಲ್ಲ ಕೈಗೆ ಬರುವ ಹೊತ್ತು ಅದು. ಆಗಲೇ ಎರಡು ಬೆಕ್ಕಿನ ಮರಿಗಳು ಜಗಳವಾಡುತ್ತಾ ಸ್ಟ್ಯಾಂಡಿನ ಮೇಲಿಂದ ಬಿದ್ದವು. ಒಂದರ ಮೇಲೊಂದು ತಟ್ಟೆಗಳು ಮಗುಚಿಕೊಂಡವು. ನಾವೆಲ್ಲ ಓಡಿಹೋಗಿ ನೆಲದಿಂದ ಹುಳ ಆರಿಸಿದೆವು. ತುಳಿದು ಹಸಿರು ರಸವಾದದ್ದೇ ಹೆಚ್ಚು. ದೊಡ್ಡಮಾವ ಗೋಡೆಗೆ ಒರಗಿ ಮಗುವಿನ ಹಾಗೆ ಅತ್ತ. ಅವನ ಮೇಲೆ ನನಗೆ ಎಷ್ಟು ಸಿಟ್ಟಿದ್ದರೂ ಆ ಅಳುವನ್ನು ಮರೆತಿಲ್ಲ.

ಸಂಜೆಗೆ ಬೀದಿಯವರೆಲ್ಲ ನಮ್ಮ ಜಗಲಿಯ ಮುಂದೆ ಸೇರಿದರು. ಆಪರೇಷನ್ ಅನ್ನುವುದು ಬರೀ ಬುರುಡೆ ಎಂದು ಒಬ್ಬರು, ಅಮ್ಮನ ಹೆಸರು ಹೇಳಿ ಮೋಸ ಎಂದು ಇನ್ನೊಬ್ಬರು. ನಾನು ಒಂದೊಂದು ಮಾತಿಗೂ ಎದುರು ಮಾತು ಕೊಟ್ಟೆ. ಕಿವಿ ನೋಡಬೇಡಿ, ಹೊಟ್ಟೆ ನೋಡಿ, ಹೊಲಿಗೆಯ ಗೆರೆ ಇದ್ದದ್ದು ಮರಿ ಹಾಕಿಲ್ಲ, ಉಳಿದದ್ದನ್ನು ಈ ಬೆಳೆ ಮುಗಿದ ತಕ್ಷಣ ಕೋಲಾರಕ್ಕೆ ಸಾಗಿಸುತ್ತೇನೆ ಎಂದೆ. ಅತ್ತೆ ಬಾಗಿಲ ಸಂದಿಯಿಂದ, "ಗೆರೆ ಇರೋವು ಏನ್ ತಪ್ಪು ಮಾಡವೆ ಬಾವ? ಅವನ್ನ ಬಿಡಿ" ಎಂದಳು. ದೊಡ್ಡಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಆಯ್ತಮ್ಮಾ" ಎಂದು ಎದ್ದುಹೋದ. ಒಪ್ಪಿದ ಎಂದುಕೊಂಡೆವು.

ಕೆಲವು ದಿನದ ಮೇಲೆ, ನಾನೂ ಅತ್ತೆಯೂ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದೆವು. ಬಿಸಿಲು ಇನ್ನೂ ಏರಿರಲಿಲ್ಲ. ಊರ ಕಡೆಯಿಂದ ಟಣಟಣ ಎಂದು ತಟ್ಟೆಯ ಸದ್ದು. ಅತ್ತೆ ಸೊಂಟ ನೆಟ್ಟಗೆ ಮಾಡಿ ನಿಂತಳು. "ಯಾರೇ ಅದು, ನನ್ನಂಗೆ ತಟ್ತಿರೋದು?" ಮಕ್ಕಳಿರಬೇಕು ಎಂದೆ ನಾನು. ಅವಳು ಸ್ವಲ್ಪ ಹೊತ್ತು ಕಿವಿಗೊಟ್ಟು, ಮತ್ತೆ ಬಗ್ಗಿ ಕೊಯ್ಯಲು ಶುರುಮಾಡಿದಳು.

ಸೊಪ್ಪಿನ ಹೊರೆ ಹೊತ್ತು ವಾಪಸು ಬಂದಾಗ ಚರಂಡಿಯ ಉದ್ದಕ್ಕೂ ಬೆಕ್ಕುಗಳು ಬಿದ್ದಿದ್ದವು. ಕೆಲವಕ್ಕೆ ಇನ್ನೂ ಕಾಲು ಅದುರುತ್ತಿತ್ತು. ಬಾಯಲ್ಲಿ ನೊರೆ. ಬದನೆ ಗಿಡಕ್ಕೆ ಹೊಡೆಯುವ ಔಷಧಿಯ ವಾಸನೆ ಬೀದಿಯೆಲ್ಲ. ದೊಡ್ಡಮಾವನ ಜಗಲಿಯ ಕೆಳಗೆ ಒಣಮೀನು ಮೆತ್ತಿದ ತಟ್ಟೆ.

ಅತ್ತೆ ಹೊರೆಯನ್ನು ಅಲ್ಲೇ ಬೀಳಿಸಿ ಮಂಡಿಯೂರಿ ಕೂತಳು. ಒಂದೊಂದನ್ನೇ ಮಗುಚಿ ಹೊಟ್ಟೆಯ ಕೂದಲು ಸರಿಸಿ ಬೆರಳಾಡಿಸಿದಳು. ಗೆರೆ. ಮುಂದಿನದಕ್ಕೆ ಹೋದಳು, ಅದಕ್ಕೂ ಗೆರೆ. ಎಲ್ಲವೂ ನಾವು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬಂದವೇ. ಮರಿ ಹಾಕಿದವು, ಹುಳದ ತಟ್ಟೆ ಮಗುಚಿದವು ಒಂದೂ ಅಲ್ಲಿರಲಿಲ್ಲ. ಹೇಗಿರುತ್ತವೆ? ಅವು ಮನುಷ್ಯರ ನೆರಳು ಕಂಡರೆ ಹೆಂಚು ಹಾರುವಂಥವು, ಅವಕ್ಕೆ ತಟ್ಟೆಯ ಸದ್ದಿನ ಅರ್ಥ ಗೊತ್ತಿಲ್ಲ. ಕರೆದರೆ ಬರಬೇಕು ಎಂದು ನಾವು ಕಲಿಸಿದವು ಮಾತ್ರ ಕರೆದ ತಕ್ಷಣ ಬಂದು ತಿಂದಿದ್ದವು.

ಅತ್ತೆ ಎದ್ದು ನೇರವಾಗಿ ಎದುರು ಮನೆಯ ಬಾಗಿಲಿಗೆ ಹೋದಳು. ತಲೆಯ ಮೇಲೆ ಸೆರಗಿರಲಿಲ್ಲ. ಬಾವನ ಮುಖ ನೋಡಿ ಅವಳು ಮಾತಾಡಿದ್ದು ಅದೇ ಮೊದಲು.

"ಯಾಕೆ ಕೊಂದ್ರಿ?"

ಅವನು ತಲೆ ಎತ್ತಲಿಲ್ಲ. "ನಾನು ಕೊಲ್ಲಲಿಲ್ಲ ಕಣಮ್ಮಾ. ಮೀನು ಇಟ್ಟೆ ಅಷ್ಟೆ. ತಿಂದಿದ್ದು ಅವು."

ಬಾಯಿಗೆ ಬಂದದ್ದನ್ನೆಲ್ಲ ನಾನು ಅಂದೆ, ಕನ್ನಡದಲ್ಲೂ ತೆಲುಗಲ್ಲೂ. ಗಂಡ ಬಂದು ನನ್ನನ್ನು ಎಳೆದುಕೊಂಡು ಹೋದ.

ಸತ್ತವುಗಳಲ್ಲಿ ಪಟ್ಟೆ ಬೆಕ್ಕು ಇರಲಿಲ್ಲ. ಬೆಳಿಗ್ಗೆ ಅತ್ತೆ ಹುಳದ ಮನೆಯ ಚಿಲಕ ಹಾಕುವಾಗ ಅದು ಒಳಗೇ ಉಳಿದುಬಿಟ್ಟಿತ್ತು. ಬಾಗಿಲು ತೆಗೆದರೆ ಒಳಗಡೆ ಹಲಗೆಯನ್ನೆಲ್ಲ ಪರಚಿ ಹಾಕಿತ್ತು. ತಟ್ಟೆಯ ಸದ್ದು ಕೇಳಿ ಹೊರಗೆ ಬರಲು ಅಷ್ಟು ಒದ್ದಾಡಿತ್ತು. ಅತ್ತೆ ಆ ಪರಚಿದ ಗುರುತುಗಳನ್ನು ಬಹಳ ಹೊತ್ತು ನೋಡುತ್ತಾ ನಿಂತಿದ್ದಳು. ಬೆಕ್ಕು ಅವಳ ಕಾಲಿಗೆ ಸುತ್ತಿಕೊಂಡು ಗುರುಗುಡುತ್ತಿತ್ತು. ಇದೊಂದಾದರೂ ಉಳಿಯಿತಲ್ಲ ಎಂದು ನನಗೆ ಸಮಾಧಾನ. ಅವಳ ಮನಸ್ಸಲ್ಲಿ ಏನಿತ್ತೋ ನನಗೆ ಗೊತ್ತಾಗಲಿಲ್ಲ.

ಮಾರನೇ ದಿನ ಬೆಳಿಗ್ಗೆ ಹಿತ್ತಲಿಂದ ಟಣಟಣ ಕೇಳಿ ನಾನು ಓಡಿದೆ. ಅತ್ತೆ ತಟ್ಟೆ ತಟ್ಟುತ್ತಿದ್ದಳು. ತಟ್ಟೆಯಲ್ಲಿ ಅನ್ನವಿರಲಿಲ್ಲ. ಪಟ್ಟೆ ಬೆಕ್ಕು ಬಾಲ ಎತ್ತಿಕೊಂಡು ಓಡಿ ಬಂತು. ಅತ್ತೆ ಬಗ್ಗಿ ಮಣ್ಣಿನ ಹೆಂಟೆಯೊಂದನ್ನು ಎತ್ತಿ ಅದರತ್ತ ಎಸೆದಳು. ಬೆಕ್ಕು ಆಟವೆಂದುಕೊಂಡು ಹೆಂಟೆಯನ್ನು ಮೂಸಿ ನೋಡಿ ಮತ್ತೆ ಹತ್ತಿರ ಬಂತು. ಅತ್ತೆ ಮತ್ತೆ ತಟ್ಟೆ ತಟ್ಟಿದಳು, ಮತ್ತೆ ಎಸೆದಳು. ಈ ಸಲ ಪಕ್ಕೆಗೆ ಬಿತ್ತು. ಬೆಕ್ಕು ಕಿರುಚಿ ಗೋಡೆ ಹಾರಿ, ಮೇಲೆ ನಿಂತು, ತಿರುಗಿ ಅವಳನ್ನೇ ನೋಡಿತು.

"ಅತ್ತೆ! ಏನ್ ಮಾಡ್ತಿದೀರಾ, ಬುದ್ಧಿ ಗಿದ್ದಿ ಕೆಟ್ಟಿದೆಯಾ?"

"ಹೆದ್ರಿಕೆ ಕಲಿಸ್ತಿದೀನಿ ಕಣೇ" ಎಂದಳು. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ನಾಳೆ ಇನ್ನೊಬ್ಬ ತಟ್ತಾನೆ. ನೀನೂ ಹೊಡಿ. ಬಾ, ಹೊಡಿ ಅದಕ್ಕೆ."

ನಾನೂ ಹೆಂಟೆ ಎತ್ತಿಕೊಂಡೆ.

ಬೆಕ್ಕು ಕಲಿಯಿತು. ಆಮೇಲೂ ಬಹಳ ವರ್ಷ ನಮ್ಮ ಹುಲ್ಲಿನ ಮೆದೆಯಲ್ಲಿ ಬದುಕಿತು, ಇಲಿ ಹಿಡಿಯಿತು, ಚೀಲಕ್ಕೂ ಸಿಗಲಿಲ್ಲ, ವಿಷಕ್ಕೂ ಸಿಗಲಿಲ್ಲ. ದಿನಾ ಸಂಜೆ ಅತ್ತೆ ಗೋಡೆಯ ಮೇಲೆ ಒಂದು ಹಿಡಿ ಅನ್ನ ಇಟ್ಟು, ಸದ್ದು ಮಾಡದೆ ಒಳಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅವಳು ಒಳಗೆ ಹೋಗುವ ತನಕ ಬೆಕ್ಕು ಮೆದೆಯಿಂದ ಇಳಿಯುತ್ತಿರಲಿಲ್ಲ. ಹುಳದ ಮನೆಯ ಚಾಪೆಯಲ್ಲಿ ಅತ್ತೆ ಮೊದಲಿನ ಹಾಗೆಯೇ ಕಾಲು ಮಡಚಿ, ಪಾದದ ಹತ್ತಿರ ಒಂಚೂರು ಜಾಗ ಬಿಟ್ಟುಕೊಂಡೇ ಮಲಗುತ್ತಿದ್ದಳು.